ಹತ್ತು ಎಂಬಿಯ ಒಳಗೆ

ಆಸ್ಪತ್ರೆಯ ಗೇಟಿಗೆ ಅಂಟಿಸಿದ್ದ ನೋಟೀಸಿನಲ್ಲಿ ಐದೇ ಸಾಲು ಇದ್ದವು. ದೋಣಿ ಮುಳುಗಿ ಕಾಣೆಯಾದವರ ಫೋಟೋವನ್ನು, ಮುಖವೂ ಮೈಮೇಲಿನ ಗುರುತೂ ಒಟ್ಟಿಗೆ ಕಾಣುವಂಥದ್ದನ್ನು, ಕತ್ತರಿಸದೆ, ಕೆಳಗಿನ ಇಮೇಲ್ ವಿಳಾಸಕ್ಕೆ ಕಳಿಸಬೇಕು. ಫೈಲು ಹತ್ತು ಎಂಬಿಯ ಒಳಗಿರಬೇಕು. ಒಮ್ಮೆ ಕಳಿಸಿದವರು ಮತ್ತೆ ಕಳಿಸಬಾರದು. ಉತ್ತರ ಬರುವವರೆಗೆ ಯಾರೂ ಶವಾಗಾರದ ಬಳಿಗೆ ಬರಬಾರದು. ಹತ್ತನೆಯ ದಿನ, ಗುರುತು ಸಿಗದ ದೇಹಗಳನ್ನು ಆಸ್ಪತ್ರೆಯವರೇ ಮಣ್ಣು ಮಾಡುತ್ತಾರೆ.

ನಾನು ನಿಂತಲ್ಲೇ ಐದು ಸಾಲನ್ನೂ ಎರಡು ಸಲ ಓದಿದೆ. ಐದನ್ನೂ ಪಾಲಿಸಿದೆ. ಮುಂದೆ ಆಗಿದ್ದು ಅದರಿಂದಲೇ ಆಯಿತು.

ಎಂಬಿ ಎಂದರೇನು ಎಂದು ಗೇಟಿನವನನ್ನು ಕೇಳಿದೆ. ಆ ದಿನ ಅದನ್ನೇ ಎಷ್ಟು ಜನ ಕೇಳಿದ್ದರೋ ಏನೋ, ಅವನು ತಲೆ ಎತ್ತದೆ, ಅದು ಫೋಟೋದ ತೂಕ ಅಮ್ಮ ಎಂದ. ನನಗೆ ಅಷ್ಟು ಸಾಕಾಯಿತು. ವಸತಿಗೃಹದ ಲಾಂಡ್ರಿಯಲ್ಲಿ ಮೂವತ್ತು ವರ್ಷ ದುಡಿದವಳಿಗೆ ತೂಕ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರದ ಮೇಲೆ ಹನ್ನೆರಡು ಕೆಜಿ ಎಂದು ಬರೆದಿದ್ದರೆ ಹನ್ನೆರಡೇ ಕೆಜಿ. ಆಸೆಪಟ್ಟು ಒಂದು ಹೊದಿಕೆ ಹೆಚ್ಚಿಗೆ ತುರುಕಿದರೆ ನಡುವೆ ಗೊರ್ರೆಂದು ನಿಂತುಬಿಡುತ್ತದೆ.

ನನ್ನ ಸೊಸೆ ಆ ದೋಣಿಯಲ್ಲಿದ್ದಳು. ಹಾಗೆಂದು ನಂಬಿದವಳು ನಮ್ಮ ಮನೆಯಲ್ಲಿ ನಾನೊಬ್ಬಳೇ.

ದಿನಾ ಬೆಳಿಗ್ಗೆ ಜನರನ್ನು ಆಚೆ ದಡದ ಕಾರ್ಖಾನೆಗಳಿಗೆ ದಾಟಿಸುವ ದೋಣಿ ಅದು. ತೊಂಬತ್ತು ಜನ ಹಿಡಿಸುವ ಕಡೆ ನೂರೈವತ್ತು ಜನ ಹತ್ತಿದ್ದರಂತೆ. ಮಂಗಳವಾರ ಎಂಟೂವರೆಗೆ ನಡುಹೊಳೆಯಲ್ಲಿ ಒಂದು ಬದಿಗೆ ವಾಲಿ, ಮತ್ತೆ ಮೇಲೇಳಲಿಲ್ಲ. ಚೀಟಿಯ ಮೇಲೆ ಹೆಸರು ಬರೆಯುವ ಪದ್ಧತಿ ಇರಲಿಲ್ಲವಾದ್ದರಿಂದ ಯಾರು ಹತ್ತಿದ್ದರು, ಯಾರು ಹತ್ತಲಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

ನನ್ನ ಮಗನದು ಬೀಗ ರಿಪೇರಿಯ ಅಂಗಡಿ. ಅವನೂ ಅವಳೂ ಮೂರು ದಿನದಿಂದ ಮಾತು ಬಿಟ್ಟಿದ್ದರು. ಕಾರಣ ಕೇಳಿದರೆ ಯಾರಿಗಾದರೂ ನಗು ಬರಬೇಕು. ಅವಳೂ ನಾನೂ ದುಡಿಯುವ ವಸತಿಗೃಹದ ಹಿಂಬಾಗಿಲಲ್ಲಿ ಬಟ್ಟೆಗಾಡಿಯ ಚಾಲಕನ ಜೊತೆ ಅವಳು ನಗುತ್ತಾ ನಿಂತಿದ್ದನ್ನು ಇವನು ಕಂಡಿದ್ದ. ಏನು ಅಷ್ಟೊಂದು ನಗು ಎಂದು ಮನೆಯಲ್ಲಿ ಕೇಳಿದ. ಅವಳು ಆ ಪ್ರಶ್ನೆಗೂ ನಕ್ಕಳು. ತಟ್ಟೆ ಸರಿಸಿ ಎದ್ದುಹೋದವನು ಆಮೇಲೆ ತುಟಿ ಬಿಚ್ಚಲಿಲ್ಲ. "ಅತ್ತೆ, ನಿಮ್ಮ ಮಗ ಎಲ್ಲರ ಮನೆ ಬೀಗನೂ ತೆಗೀತಾರೆ, ಅವರ ಬಾಯಿದೊಂದು ಬಿಟ್ಟು," ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದ್ದಳು.

ಮಂಗಳವಾರ ಅವನು ಅಂಗಡಿಗೆ ಹೋದ ಮೇಲೆ ಚೀಲಕ್ಕೆ ನಾಲ್ಕು ಬಟ್ಟೆ ತುಂಬಿಕೊಂಡು ಬಾಗಿಲಲ್ಲಿ ನಿಂತಳು. ಆಚೆ ದಡದಲ್ಲಿ ಅವಳ ತಾಯಿಯ ಮನೆ. ಎರಡು ದಿನ ಇದ್ದು ಬರುತ್ತೇನೆ, ಅವರಿಗೆ ನೀವೇ ಹೇಳಿಬಿಡಿ ಎಂದಳು. ಹೋಗಿ ಬಾ ಎಂದೆ. ನಾಲ್ಕು ಗಂಟೆ ಹುಡುಕಾಡಿಕೊಳ್ಳಲಿ, ಬುದ್ಧಿ ಬರಲಿ ಎಂದುಕೊಂಡು ನಾನೂ ಮಗನಿಗೆ ಸಂಜೆಯವರೆಗೆ ತಿಳಿಸಲಿಲ್ಲ. ಅಷ್ಟರಲ್ಲಿ ದೋಣಿಯ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಅವಳ ತಾಯಿಗೆ ಫೋನು ಮಾಡಿದರೆ, ಮಗಳು ಬಂದಿಲ್ಲ, ಬರುತ್ತಾಳೆಂದೂ ಗೊತ್ತಿರಲಿಲ್ಲ ಎಂದರು.

ಮಗ ಮೊದಲು ಮಂಕಾಗಿ ಕೂತ. ಎರಡು ದಿನ ದಡದಲ್ಲಿ ನಿಂತು ಬಂದ. ಮೂರನೆಯ ದಿನದಿಂದ ಅವನ ಮಾತು ಬೇರೆ ದಿಕ್ಕು ಹಿಡಿಯಿತು. ಬಟ್ಟೆಗಾಡಿಯ ಚಾಲಕನೂ ಅದೇ ವಾರ ಕೆಲಸ ಬಿಟ್ಟು ಹೋಗಿದ್ದ. ಅವನು ಹೋದದ್ದು ಸೋಮವಾರವೇ, ಅದೂ ತನ್ನ ಹೆಂಡತಿಯ ಹೆರಿಗೆಗೆ. ಇದನ್ನು ನಾನು ವಿಚಾರಿಸಿಕೊಂಡು ಬಂದು ಹೇಳಿದೆ. ಕೇಳುವ ಕಿವಿ ಬೇಕಲ್ಲ.

"ದೋಣಿ ಹತ್ತಿದ್ದನ್ನ ಯಾರು ನೋಡಿದ್ರು, ಹೇಳು," ಎಂದ.

"ನನಗೆ ಹೇಳಿ ಹೋದಳು ಕಣೋ."

"ಓಡಿಹೋಗೋರು ಓಡಿಹೋಗ್ತೀನಿ ಅಂತ ಹೇಳಿ ಹೋಗ್ತಾರಾ ಅಮ್ಮ?"

ಅಲ್ಲಿಂದ ನನಗೆ ಇದ್ದದ್ದು ಒಂದೇ ಚಿಂತೆ. ಅವಳು ಬದುಕಿದ್ದಾಳೆ ಎಂಬ ಆಸೆಯನ್ನು ನಾನು ಎರಡನೆಯ ದಿನವೇ ಬಿಟ್ಟಿದ್ದೆ. ಅವಳ ದೇಹವಾದರೂ ಸಿಗಬೇಕು, ಇಲ್ಲದಿದ್ದರೆ ಈ ಬೀದಿಯಲ್ಲಿ ಅವಳು ಓಡಿಹೋದವಳಾಗಿಯೇ ಉಳಿಯುತ್ತಾಳೆ. ಆಗಲೇ ನಲ್ಲಿಯ ಹತ್ತಿರ ನಾನು ಹೋದರೆ ಹೆಂಗಸರು ಮಾತು ನಿಲ್ಲಿಸಿ ಕೊಡದೊಳಗೆ ನೋಡುತ್ತಿದ್ದರು.

ದೇಹಗಳನ್ನು ಮೊದಲ ಮೂರು ದಿನ ಸಾಲಾಗಿ ಮಲಗಿಸಿ ತೋರಿಸಿದ್ದರು. ನೀರಿನಲ್ಲಿ ಮುಖ ಊದಿ, ಇದು ನಮ್ಮದು, ನಮ್ಮದು ಎಂದು ಎರಡು ಮನೆಯವರು ಒಂದೇ ದೇಹಕ್ಕೆ ಜಗಳ ಆಡಿದ ಮೇಲೆ ತೋರಿಸುವುದನ್ನು ನಿಲ್ಲಿಸಿದರು. ಬಾಯಲ್ಲಿ ಹೇಳುವ ಗುರುತನ್ನೂ ಕೇಳುವುದಿಲ್ಲ, ಫೋಟೋ ಬೇಕು ಎಂದರು. ಆಮೇಲೆ ಬಂದದ್ದೇ ಆ ನೋಟೀಸು, ನಾಲ್ಕನೆಯ ದಿನ.

ಗುರುತು ನನಗೆ ಗೊತ್ತಿತ್ತು. ನನ್ನಷ್ಟು ಯಾರಿಗೂ ಗೊತ್ತಿಲ್ಲ. ನಾನು ಮಡಚುವ ಮೇಜಿನಲ್ಲಿ, ಅವಳು ಎದುರಿಗೆ ಹಬೆಯ ಇಸ್ತ್ರಿಪೆಟ್ಟಿಗೆಯ ಹತ್ತಿರ, ಆರು ವರ್ಷ ಹೀಗೆ ನಿಂತು ಕೆಲಸ ಮಾಡಿದವರು ನಾವು. ಒಂದು ದಿನ ಏನೋ ಕೇಳಬೇಕೆಂದು ಅವಳನ್ನು ಕೂಗಿದೆ. ಏನು ಎಂಬುದು ಈಗ ನೆನಪಿಲ್ಲ, ಅಂಥ ದೊಡ್ಡದೇನೂ ಅಲ್ಲ. ಅವಳು ತಿರುಗಿದಳು. ಪೆಟ್ಟಿಗೆಯ ಚೂಪು ತುದಿ ಎಡ ಮುಂಗೈ ಮೇಲೆ ಕೂತಿತು. ಗಾಯ ಮಾಗಿದರೂ ತ್ರಿಕೋನದ ಕಲೆ ಹೋಗಲಿಲ್ಲ. ಅದರೊಳಗೆ ಹಬೆ ಬರುವ ತೂತುಗಳ ಮೂರು ಚುಕ್ಕೆ, ಮುದ್ರೆ ಒತ್ತಿದ ಹಾಗೆ. ಅಂದಿನಿಂದ ಸೆಕೆಗಾಲದಲ್ಲೂ ಉದ್ದ ತೋಳಿನ ರವಿಕೆಯನ್ನೇ ತೊಡುತ್ತಿದ್ದಳು. ಯಾರಾದರೂ ಕೇಳಿದರೆ ಅತ್ತೆ ಹಾಕಿದ ಸೀಲು ಎನ್ನುತ್ತಿದ್ದಳು. ನಾನು ನಗುತ್ತಿರಲಿಲ್ಲ.

ಆ ಕಲೆ ಕಾಣುವ ಫೋಟೋ ಒಂದೇ ಒಂದು ಇತ್ತು. ನಾನು ರಾತ್ರಿಶಾಲೆಯ ಪರೀಕ್ಷೆ ಪಾಸಾದ ವಾರ ಹಠ ಹಿಡಿದು ನನ್ನನ್ನು ಸ್ಟುಡಿಯೋಗೆ ಎಳೆದುಕೊಂಡು ಹೋದವಳು ಅವಳು. ಕುರ್ಚಿಯ ಮೇಲೆ ನಾನು, ಹಿಂದೆ ನಿಂತು ನನ್ನ ಹೆಗಲ ಮೇಲಿಂದ ಕೈ ಇಳಿಬಿಟ್ಟವಳು ಅವಳು. ಕೈ ಚಾಚಿದಾಗ ತೋಳು ಮೇಲೆ ಸರಿದಿತ್ತು.

ಸ್ಟುಡಿಯೋದವನನ್ನು ನಮ್ಮ ಬೀದಿಯಲ್ಲಿ ನಗಿಯಪ್ಪ ಎನ್ನುತ್ತಾರೆ. ಸಾವಿನ ಮನೆಗೆ ಫೋಟೋ ತೆಗೆಯಲು ಕರೆದರೂ ಅಭ್ಯಾಸಬಲದಿಂದ "ಸ್ವಲ್ಪ ನಗಿ" ಎನ್ನುವವನು. ಆ ಶುಕ್ರವಾರ ಅವನು ಏನೂ ಅನ್ನಲಿಲ್ಲ. ಹಳೆಯದನ್ನೆಲ್ಲ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ. ಅರ್ಧ ಗಂಟೆ ಹುಡುಕಿ ತೆಗೆದ. ಮೂಲ ಫೈಲು ಇಪ್ಪತ್ತರ ಮೇಲೆ ತೂಗುತ್ತಿತ್ತು. ಎರಡಕ್ಕೆ ಇಳಿಸಿ ತೋರಿಸಿದ, ಚುಕ್ಕೆಗಳು ಇಲ್ಲವೇ ಇಲ್ಲ. ನಾಲ್ಕಕ್ಕೆ ತಂದ, ಮೂರೂ ಕೂಡಿ ಒಂದು ಮಸಿಯಾಯಿತು. ಏಳೂವರೆಗೆ ತಂದಾಗ ಕಲೆ ಬಿಡಿಯಾಗಿ, ಮೂರು ಚುಕ್ಕೆ ಮೂರಾಗಿ ನಿಂತವು. ನಾನು ಮೂಗು ತಾಗುವಷ್ಟು ಹತ್ತಿರ ಹೋಗಿ ಎಣಿಸಿದೆ.

"ಏಳೂವರೆ ಅಮ್ಮ. ಅವರು ಹೇಳಿದ ಹತ್ತರೊಳಗೇ ಇದೆ," ಎಂದ ನಗಿಯಪ್ಪ. "ಇದಕ್ಕಿಂತ ಇಳಿಸಿದ್ರೆ ಯಾರದ್ದೋ ಕೈ ಆಗ್ಬಿಡುತ್ತೆ."

ಕಾಗದದ ಒಕ್ಕಣೆ ನಾನು ಹೇಳಿದೆ, ಅವನು ಬೆರಳಿನಿಂದ ಕುಟ್ಟಿದ. ಎಡ ಮುಂಗೈ, ಇಸ್ತ್ರಿಪೆಟ್ಟಿಗೆಯ ತುದಿಯ ಕಲೆ, ಮೂರು ಚುಕ್ಕೆ, ವಯಸ್ಸು ಇಪ್ಪತ್ತೊಂಬತ್ತು, ಹಿಂದೆ ನಿಂತವಳು, ನಮ್ಮ ಮನೆಯ ವಿಳಾಸ. ಕೊನೆಗೆ ಅವನೇ ಒಂದು ಸಾಲು ಸೇರಿಸಿದ: ಫೈಲು ಏಳೂವರೆ ಎಂಬಿ ಇದೆ, ನೀವು ಹೇಳಿದ ಮಿತಿಯ ಒಳಗೇ ಇದೆ. ಗುಂಡಿ ಒತ್ತಿದ. ಹೋಯಿತು ಎಂದ. ಹೋದದ್ದು ನಿಜ, ವಾಪಸು ಬರಲಿಲ್ಲ. ವಿಳಾಸ ತಪ್ಪಿದ್ದರೆ ವಾಪಸು ಬರುತ್ತದೆ, ಬಂದಿಲ್ಲವೆಂದರೆ ತಲುಪಿದೆ ಎಂದೇ ಅರ್ಥ ಎಂದು ನನಗೆ ತಿಳಿಸಿ ಹೇಳಿದ.

ಆಮೇಲೆ ಕಾಯುವುದು. ಅದು ನನಗೆ ಬರುತ್ತದೆ. ಯಂತ್ರ ತಿರುಗುವಷ್ಟು ಹೊತ್ತು ಅದರ ಮುಂದೆ ನಿಂತು ಕಾಯುವುದೇ ನನ್ನ ಕೆಲಸವಾಗಿತ್ತಲ್ಲ. ದಿನಕ್ಕೆ ಎರಡು ಬಾರಿ, ಕೆಲಸಕ್ಕೆ ಹೋಗುವಾಗ ಮತ್ತು ಬರುವಾಗ, ಸ್ಟುಡಿಯೋದ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆ. ನಗಿಯಪ್ಪ ಗಾಜಿನ ಒಳಗಿಂದಲೇ ತಲೆ ಅಲ್ಲಾಡಿಸುತ್ತಿದ್ದ.

ಮೂಲೆಯ ಟೀ ಅಂಗಡಿಯವಳ ಮೈದುನನೂ ಆ ದೋಣಿಯಲ್ಲಿದ್ದ. ಅವಳು ಶನಿವಾರ ಕಳಿಸಿ, ಸೋಮವಾರ ಬೆಳಿಗ್ಗೆಗೆ ಉತ್ತರ ತರಿಸಿಕೊಂಡು, ಮಧ್ಯಾಹ್ನಕ್ಕೆ ದೇಹ ತಂದು ಮಣ್ಣು ಮಾಡಿಯೂ ಮುಗಿಸಿದಳು. ಹೇಗೆ ಎಂದು ಕೇಳಿದೆ. ಮನೆಯಲ್ಲಿದ್ದ ಮೂವತ್ತೇಳು ಫೋಟೋ, ಮದುವೆಯ ವೀಡಿಯೋದ ತುಂಡು, ಕಾಲು ಮುರಿದಾಗ ತೆಗೆಸಿದ್ದ ಎಕ್ಸ್‌ರೇ, ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಸಲ ತುಂಬಿ ಕಳಿಸಿದಳಂತೆ.

"ಹತ್ತರೊಳಗೆ ಅಂತ ಬರೆದಿದ್ರಲ್ಲ," ಎಂದೆ.

"ಅಯ್ಯೋ ಅಕ್ಕ, ಅದು ನೋಟೀಸು ಓದೋರಿಗೆ," ಎಂದಳು.

ಇನ್ನೊಂದು ಸಲ ಕಳಿಸೋಣವೇ ಎಂದು ನಗಿಯಪ್ಪನನ್ನು ಕೇಳಿದೆ. ಮತ್ತೆ ಕಳಿಸಬಾರದು ಎಂದು ಬರೆದಿದ್ದಾರೆ, ಎರಡು ಸಲ ಬಂದರೆ ಎರಡನ್ನೂ ತೆಗೆದುಹಾಕಿದರೆ ಏನು ಮಾಡುತ್ತೀರಿ ಎಂದ. ಅದೂ ಸರಿ ಎನಿಸಿತು.

ಎಂಟನೆಯ ದಿನ ತಡೆಯಲಾರದೆ ಗೇಟಿಗೆ ಹೋದೆ. ಸೆರಗಿನಲ್ಲಿ ಫೋಟೋದ ಪ್ರತಿ ಇತ್ತು. ಗೇಟಿನವನು ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ಹಿಡಿದರೆ ನೂರು ಜನರದ್ದು ಹಿಡಿಯಬೇಕಾಗುತ್ತದೆ. ಇಮೇಲಿನಲ್ಲಿ ಕಳಿಸಿದಿರಾ ಎಂದ, ಹೂಂ ಎಂದೆ. ಉತ್ತರ ಬಂತೇ ಎಂದ, ಇಲ್ಲ ಎಂದೆ.

"ಹಾಗಾದ್ರೆ ನಿಮ್ಮವರು ಒಳಗಿಲ್ಲ ಅಂತ ಅರ್ಥ ಅಮ್ಮ. ಒಳ್ಳೇದೇ ಅಲ್ವಾ. ಮನೆಗೆ ಹೋಗಿ."

ಅವನು ಸಮಾಧಾನಕ್ಕೇ ಹೇಳಿದ್ದು. ಅದನ್ನು ನಾನು ಮನೆಯಲ್ಲಿ ಹೇಳಬಾರದಿತ್ತು, ಹೇಳಿದೆ. ಮಗ ಗೋಡೆ ನೋಡುತ್ತಾ ಕೇಳಿಸಿಕೊಂಡ. ಮರುದಿನ ಅವಳ ಉಳಿದ ಬಟ್ಟೆ, ಬಾಚಣಿಗೆ, ಒಂದು ಜೊತೆ ಚಪ್ಪಲಿ ಎಲ್ಲವನ್ನೂ ಗಂಟು ಕಟ್ಟಿ ಅವಳ ತಾಯಿಗೆ ಕಳಿಸಿಬಿಟ್ಟ. ನಿಮ್ಮ ಮಗಳನ್ನು ಇನ್ನು ನಮ್ಮ ಮನೆಯಲ್ಲಿ ಹುಡುಕಬೇಡಿ ಎಂದು ಹೇಳಿ ಕಳಿಸಿದನಂತೆ. ಕೈ ತೊಳೆದುಕೊಂಡವನ ಹಾಗೆ ಅಂದು ಹೊಟ್ಟೆ ತುಂಬ ಉಂಡ.

ಹತ್ತನೆಯ ದಿನ ಗುರುವಾರ. ಲಾಂಡ್ರಿಯ ಕಿಟಕಿಯ ಕೆಳಗೇ ರಸ್ತೆ. ಹನ್ನೊಂದು ಗಂಟೆಯ ಹೊತ್ತಿಗೆ ಆಸ್ಪತ್ರೆಯ ಮೂರು ಗಾಡಿಗಳು ಒಂದರ ಹಿಂದೊಂದು ನಿಧಾನವಾಗಿ ಹೋದವು. ಗುರುತು ಸಿಗದವರದು ಎಂದು ಯಾರೋ ಅಂದರು. ಕೆಲವರು ಕೆಲಸ ಬಿಟ್ಟು ಕಿಟಕಿಗೆ ಹೋದರು. ನಾನು ದಿಂಬಿನ ಚೀಲ ಎಣಿಸುತ್ತಿದ್ದೆ, ಲೆಕ್ಕ ತಪ್ಪುತ್ತದೆಂದು ತಲೆ ಎತ್ತಿ ಒಂದು ಸಲ ನೋಡಿ ಮತ್ತೆ ಎಣಿಸಿದೆ. ನಮ್ಮವಳು ಅದರಲ್ಲಿಲ್ಲ ಎಂದು ಗೇಟಿನವನು ಹೇಳಿದ್ದನಲ್ಲ. ಮೂರನೆಯ ಗಾಡಿಯಲ್ಲಿ ಅವಳಿದ್ದಳು.

ಶನಿವಾರ ಮಧ್ಯಾಹ್ನ ಮೂವತ್ತು ದಾಟಿದ ಒಬ್ಬ ಹೆಂಗಸು ನಮ್ಮ ಬಾಗಿಲು ತಟ್ಟಿದಳು. ಕೈಯಲ್ಲಿ ಕಂದು ಲಕೋಟೆ. ಆಸ್ಪತ್ರೆಯಿಂದ ಬಂದಿದ್ದೇನೆ, ಅಲ್ಲಿ ನನ್ನನ್ನು ಸರ್ವರ್ ಮೇಡಂ ಎನ್ನುತ್ತಾರೆ ಎಂದಳು. ಕ್ಯಾಂಟೀನಿನಲ್ಲಿ ಬಡಿಸುವವಳಿರಬೇಕು, ಪಾಪ ಯಾರಿಗೋ ಊಟ ತಲುಪಿಸಲು ಬಂದು ಮನೆ ತಪ್ಪಿದ್ದಾಳೆ ಎಂದುಕೊಂಡೆ. ಕೂರಲು ಹೇಳಿದೆ. ಅವಳು ಕೂರದೆ ನನ್ನ ಮುಖವನ್ನೇ ನೋಡಿದಳು. ನೀವು ಕುರ್ಚಿಯ ಮೇಲೆ ಕೂತವರು ಅಲ್ಲವೇ ಎಂದಳು. ಆಗ ನನಗೆ ತಿಳಿಯಿತು. ಗೋಡೆ ಹಿಡಿದುಕೊಂಡು ನಾನೇ ಕೂತೆ.

ಮಗ ಒಳಗೆ ಮಲಗಿದ್ದ. ಮಾತು ಕೇಳಿ ಎದ್ದು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ಅವಳು ಹೇಳಿದ್ದನ್ನು ಅವಳು ಹೇಳಿದ ಕ್ರಮದಲ್ಲೇ ಹೇಳುತ್ತೇನೆ. ಆಸ್ಪತ್ರೆಗೆ ಬರುವ ಹೋಗುವ ಇಮೇಲೆಲ್ಲ ಒಂದು ಯಂತ್ರದ ಮೂಲಕ ಹಾಯುತ್ತದೆ, ಅದೇ ಸರ್ವರ್. ಅದನ್ನು ನೋಡಿಕೊಳ್ಳುವುದು ಅವಳೊಬ್ಬಳ ಕೆಲಸ. ದೋಣಿ ಮುಳುಗಿದ ಮರುದಿನವೇ ಜನ ಎಲ್ಲಿಂದಲೋ ವಿಳಾಸ ಹುಡುಕಿ ರಾಶಿರಾಶಿ ಫೋಟೋ ಕಳಿಸಿದರು. ಯಂತ್ರ ಉಸಿರು ಕಟ್ಟಿ ನಿಂತಿತು. ನಾಲ್ಕು ಗಂಟೆಯ ಕಾಲ ರಕ್ತ ಬೇಕೆಂದು ಬರೆದದ್ದೂ ಹೋಗಲಿಲ್ಲ, ಶಸ್ತ್ರಚಿಕಿತ್ಸೆಗೆ ಕಾದವರ ಸ್ಕ್ಯಾನೂ ಬರಲಿಲ್ಲ. ಅದಕ್ಕೆ ಅವಳು ಹತ್ತರ ಮಿತಿ ಹಾಕಿದಳು. ಮಿತಿ ಮೀರಿದ್ದನ್ನು ಯಂತ್ರ ಎಸೆಯುವುದಿಲ್ಲ. ಪಕ್ಕದ ಒಂದು ಪೆಟ್ಟಿಗೆಯಲ್ಲಿ ತಡೆದು ಇಡುತ್ತದೆ. ಅವಳು ದಿನಾ ಬೆಳಿಗ್ಗೆ ಆ ಪೆಟ್ಟಿಗೆ ತೆರೆದು, ಒಂದೊಂದನ್ನೇ ನೋಡಿ, ಬೇಕಾದ್ದನ್ನು ಕೈಯಾರೆ ಒಳಗೆ ಬಿಡುತ್ತಾಳೆ.

ಮಿತಿ ಮೀರಿದಾಗ ಕಳಿಸಿದವರಿಗೆ ಯಂತ್ರವೇ ಒಂದು ಉತ್ತರ ಕೊಡುತ್ತಿತ್ತಂತೆ, ನಿಮ್ಮ ಪತ್ರವನ್ನು ತಡೆಹಿಡಿಯಲಾಗಿದೆ, ಸ್ವೀಕರಿಸಿಲ್ಲ ಎಂದು. ಒಬ್ಬ ತಂದೆ ಅದನ್ನು ಓದಿ, ನನ್ನ ಮಗನನ್ನು ಯಾಕೆ ಸ್ವೀಕರಿಸಿಲ್ಲ ಎಂದು ಗೇಟಿನಲ್ಲಿ ಉರುಳಾಡಿ ಅತ್ತನಂತೆ. ಅವಳ ಮೇಲಿನವರು ಅದನ್ನು ಕಂಡು, ಇಂಥ ಜನಕ್ಕೆ ಇಂಥ ಉತ್ತರ ಹೋಗಬಾರದು, ನಿಲ್ಲಿಸು ಎಂದರು. ನಿಲ್ಲಿಸಿದಳು.

"ಅದು ಸರಿ ಅಂತಲೇ ನನಗೂ ಅನ್ನಿಸ್ತು ಅಮ್ಮ," ಎಂದಳು.

ತಪ್ಪಾದದ್ದು ಪೆಟ್ಟಿಗೆ ನೋಡುವ ಕ್ರಮದಲ್ಲಿ. ಹೆಚ್ಚು ಭಾರದ್ದು ಮೇಲೆ, ಹಗುರವಾದದ್ದು ಕೆಳಗೆ ಬರುವಂತೆ ಪಟ್ಟಿಯನ್ನು ಇಟ್ಟುಕೊಂಡಿದ್ದಳು. ಯಾಕೆಂದರೆ ಬದುಕಿರುವ ರೋಗಿಗಳ ಸ್ಕ್ಯಾನುಗಳು ಎಲ್ಲಕ್ಕಿಂತ ಭಾರ, ಅವು ಮೊದಲು ಕಣ್ಣಿಗೆ ಬೀಳಬೇಕು. ಬೇರೆ ಕೆಲಸಗಳ ನಡುವೆ ದಿನಕ್ಕೆ ನಲವತ್ತು ನೋಡುವಷ್ಟು ಹೊತ್ತು ಸಿಗುತ್ತಿತ್ತು. ಮೇಲಿಂದ ನಲವತ್ತು ಬಿಡುತ್ತಿದ್ದಳು. ಮರುದಿನ ಹೊಸದಾಗಿ ಭಾರದವು ಬಂದು ಮೇಲೆ ಕೂರುತ್ತಿದ್ದವು. ಟೀ ಅಂಗಡಿಯವಳದು ಬಂದ ದಿನವೇ ತುದಿಯಲ್ಲಿ ಕೂತು ಒಳಗೆ ಹೋಯಿತು. ಮಿತಿಯನ್ನು ಕೂದಲೆಳೆಯಷ್ಟು ದಾಟಿದವು ತಳದಲ್ಲೇ ಉಳಿದವು.

"ನಮ್ಮದು ದಾಟಿರಲಿಲ್ಲ," ಎಂದೆ. "ಏಳೂವರೆ."

ಅವಳು ತಲೆ ತಗ್ಗಿಸಿದಳು. ಫೋಟೋ ಕಂಪ್ಯೂಟರಿನಲ್ಲಿದ್ದಾಗ ಒಂದು ತೂಕ. ಇಮೇಲಿಗೆ ಸೇರಿಸಿದಾಗ ಯಂತ್ರ ಅದನ್ನು ತನ್ನ ಅಕ್ಷರಗಳಿಗೆ ಬದಲಿಸಿಕೊಳ್ಳುತ್ತದೆ, ಆಗ ಮೂರಿದ್ದದ್ದು ನಾಲ್ಕಾಗಿ ಊದುತ್ತದೆ. ಅವಳ ಮಿತಿ ಊದಿದ ಮೇಲಿನ ತೂಕಕ್ಕೆ. ನೋಟೀಸು ಬರೆದವರಿಗೆ ಅವಳು ಹತ್ತು ಎಂದಷ್ಟೇ ಹೇಳಿದಳು. ಅವರು ಹತ್ತು ಎಂದು ಬರೆದರು. ಇಷ್ಟು ವರ್ಷ ಇದೇ ಕೆಲಸ ಮಾಡಿದವಳಿಗೆ ಅದು ಎಷ್ಟು ಗೊತ್ತಿದ್ದ ವಿಷಯವೆಂದರೆ, ಹೇಳಬೇಕೆಂದೇ ತೋಚಲಿಲ್ಲ.

ನನಗೆ ಅರ್ಥವಾಯಿತು. ಒಣಗಿದ ಬಟ್ಟೆ ಹನ್ನೆರಡು ಕೆಜಿ ಇದ್ದರೆ ನೆನೆದ ಮೇಲೆ ಇಬ್ಬರು ಹಿಡಿದು ಎತ್ತಬೇಕು. ನಾವು ಒಣಗಿದ್ದನ್ನು ತೂಗಿದೆವು, ಅವಳು ನೆನೆದದ್ದನ್ನು ತೂಗಿದಳು.

ಶುಕ್ರವಾರ, ಎಂದರೆ ಮಣ್ಣು ಮಾಡಿದ ಮರುದಿನ, ಕೆಲಸ ಮುಗಿಯಿತಲ್ಲ, ಪೆಟ್ಟಿಗೆ ಖಾಲಿ ಮಾಡು ಎಂದು ಅವಳಿಗೆ ಹೇಳಿದ್ದರು. ಅಳಿಸುವ ಮೊದಲು ಯಾಕೋ ಪಟ್ಟಿಯ ತಳಕ್ಕೆ ಹೋದಳು. ಕೊನೆಯದನ್ನು ತೆರೆದಳು. ಅದು ನಮ್ಮದು. ಫೈಲು ಏಳೂವರೆ ಎಂಬಿ ಇದೆ, ನೀವು ಹೇಳಿದ ಮಿತಿಯ ಒಳಗೇ ಇದೆ. ನಗಿಯಪ್ಪನ ಆ ಸಾಲನ್ನು ಎರಡು ಸಲ ಓದಿದಳಂತೆ. ತಳದಿಂದ ಮೇಲಕ್ಕೆ ಒಂದೊಂದನ್ನೇ ನೋಡುತ್ತಾ ಬಂದಳು. ಅರವತ್ತಮೂರು ಇದ್ದವು. ಯಾರದೂ ಅವರವರ ಮನೆಯಲ್ಲಿ ತೂಗಿದಾಗ ಹತ್ತು ದಾಟಿದ್ದಲ್ಲ. ನೋಟೀಸನ್ನು ಓದಿ, ಅಳೆದು, ಇಳಿಸಿ, ಒಂದೇ ಸಲ ಕಳಿಸಿ, ಕಾಯುತ್ತಾ ಕೂತವರೇ ಅರವತ್ತಮೂರು ಮನೆಯವರೂ.

ಅದರಲ್ಲಿ ಐದು, ಮಣ್ಣು ಮಾಡಿದ ದೇಹಗಳಿಗೆ ಹೊಂದಿದವು. ಮೇಲಿನವರಿಗೆ ಹೇಳಿದಾಗ, ಕಾಗದದಲ್ಲಿ ಸರಿಮಾಡೋಣ, ಐದು ಮನೆಗೂ ಪತ್ರ ಹೋಗುತ್ತದೆ, ಹೇಗಾಯಿತು ಎಂಬುದನ್ನು ಬರೆಯುವ ಅಗತ್ಯವಿಲ್ಲ ಎಂದರಂತೆ. ಅವಳು ಯಾರಿಗೂ ತಿಳಿಸದೆ ರಜೆ ಹಾಕಿ ಮನೆಮನೆಗೆ ಹೊರಟಳು. ನಮ್ಮದು ಮೂರನೆಯ ಮನೆ. ಮೊದಲನೆಯ ಮನೆಯಲ್ಲಿ ಹೊಡೆದಿದ್ದರು, ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಇತ್ತು.

ಲಕೋಟೆಯಿಂದ ಎರಡು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಒಂದು ನಮ್ಮದೇ. ಇನ್ನೊಂದರಲ್ಲಿ ಒಂದು ಕೈ ಮಾತ್ರ, ಬಿಳಿ ತಗಡಿನ ಮೇಲೆ ಇಟ್ಟದ್ದು, ಪಕ್ಕದಲ್ಲಿ ಮೂವತ್ತೊಂದು ಎಂದು ಬರೆದ ಚೀಟಿ. ಚರ್ಮ ಬೂದಿ ಬಣ್ಣಕ್ಕೆ ತಿರುಗಿತ್ತು. ತ್ರಿಕೋನ ಹಾಗೇ ಇತ್ತು. ಐದನೆಯ ದಿನ ಹೊಳೆಯ ಕೆಳಗಿನ ಕಟ್ಟೆಯ ಹತ್ತಿರ ದೇಹ ಸಿಕ್ಕಿತಂತೆ. ನಾವು ಕಳಿಸಿದ್ದು ನಾಲ್ಕನೆಯ ದಿನ. ಐದು ದಿನ ಅವಳು ಒಂದು ಕೋಣೆಯಲ್ಲಿ, ಅವಳ ಫೋಟೋ ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ.

ಮಗ ಚೌಕಟ್ಟು ಬಿಟ್ಟು ಬಂದ. ಮೇಜಿನ ಮೇಲೆ ಬಗ್ಗಿದ. ಬೀಗದ ಒಳಗಿನ ಹಲ್ಲು ನೋಡುವಾಗ ಕಣ್ಣು ಕಿರಿದು ಮಾಡುವ ಹಾಗೆ ಮಾಡಿದ. ತೋರುಬೆರಳನ್ನು ಫೋಟೋಗೆ ತಾಗಿಸದೆ, ಮೇಲಿಂದಲೇ ಒಂದು, ಎರಡು, ಮೂರು ಎಂದು ಚುಕ್ಕೆಗಳ ಮೇಲೆ ಆಡಿಸಿದ. ಆಮೇಲೆ ಮೇಜಿನ ಅಂಚು ಹಿಡಿದುಕೊಂಡ.

"ಗಂಟು ಕಳಿಸಿಬಿಟ್ಟೆ ಅಮ್ಮ," ಎಂದ.

ಸರ್ವರ್ ಮೇಡಂ ನನ್ನ ಮುಂದೆ ನೆಲದ ಮೇಲೆ ಕೂತಿದ್ದಳು. ಏನಾದರೂ ಬೈದುಬಿಡಿ ಅಮ್ಮ ಎಂದಳು. ನೀರು ಕೊಟ್ಟೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿದಳು. ಇನ್ನೂ ಎರಡು ಮನೆ ಇದೆ ಎಂದು ಎದ್ದಳು. ಹೊಸಿಲು ದಾಟುವಾಗ ಬಾಗಿಲಿಗೆ ತಲೆ ತಗುಲಿಸಿಕೊಂಡಳು, ತಿರುಗಿ ನೋಡದೆ ಹೋದಳು.

ದೇಹವನ್ನು ಮತ್ತೆ ತೆಗೆಯುವಂತಿಲ್ಲ ಎಂದರು. ಕಾಗದ ಮೂರು ತಿಂಗಳಲ್ಲಿ ಬರುತ್ತದೆ, ಅಲ್ಲಿಯವರೆಗೆ ಸಂಖ್ಯೆಯ ಹಲಗೆಯನ್ನು ಮುಟ್ಟಬಾರದು, ಬೇಕಾದರೆ ಅದರ ಕೆಳಗೆ ಹೆಸರಿನ ಚಿಕ್ಕ ತಗಡನ್ನು ತಂತಿಯಲ್ಲಿ ಕಟ್ಟಿಕೊಳ್ಳಿ ಎಂದು ಸ್ಮಶಾನದ ಕಾವಲಿನವನು ಒಪ್ಪಿದ.

ಅದಕ್ಕೆ ಮೊದಲು ಮಗನನ್ನು ಆಚೆ ದಡಕ್ಕೆ ಕಳಿಸಿದೆ. ಅವನು ಹಿಂದೆಮುಂದೆ ನೋಡಿದ. ಗಂಟು ಕಳಿಸಿದ ಬಾಯಲ್ಲೇ ಇದನ್ನೂ ಹೇಳಿ ಬಾ ಎಂದೆ. ಭಾನುವಾರ ಹೋದವನು ಸಂಜೆ ಬಂದ. ಅವರು ಏನಂದರು ಎಂದು ನಾನು ಕೇಳಲಿಲ್ಲ. ಗಂಟು ಬಿಚ್ಚಿಯೇ ಇರಲಿಲ್ಲ ಎಂದಷ್ಟೇ ಅವನಾಗಿ ಹೇಳಿದ. ನಲ್ಲಿಯ ಹತ್ತಿರದ ಹೆಂಗಸರಿಗೆ ನಾನೇ ಹೇಳಿದೆ, ಬೇಡವೆಂದರೂ ಕೇಳುವಷ್ಟು ಗಟ್ಟಿಯಾಗಿ. ಟೀ ಅಂಗಡಿಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗಿಯಪ್ಪ ಎರಡು ದಿನ ಸ್ಟುಡಿಯೋ ತೆರೆಯಲಿಲ್ಲ. ಅದು ಊದುತ್ತದೆಂದು ನನಗೂ ಗೊತ್ತಿರಬೇಕಿತ್ತು ಎಂದು ಅವನು ಮೂರನೆಯ ದಿನ ಬಂದು ನನ್ನೆದುರು ಹೇಳಿದ.

ಸೋಮವಾರ ಕಾವಲಿನವನನ್ನು ಕಂಡು ಬರುವಾಗ ಆಸ್ಪತ್ರೆಯ ಗೇಟನ್ನು ಹಾದು ಬಂದೆ. ನೋಟೀಸು ಇನ್ನೂ ಇತ್ತು. ಹತ್ತನ್ನು ಪೆನ್ನಿನಲ್ಲಿ ಹೊಡೆದು ಮೇಲೆ ಏಳು ಎಂದು ಬರೆದಿದ್ದರು. ಅದನ್ನು ಓದುವವರು ಯಾರೂ ಅಲ್ಲಿರಲಿಲ್ಲ.

ಮಗನ ಅಂಗಡಿಯಲ್ಲಿ ಕೀಲಿಕೈಯ ಬಿಲ್ಲೆಗಳ ಮೇಲ್ಮೈಗೆ ಒತ್ತುವ ಅಕ್ಷರದ ಉಳಿಗಳಿವೆ. ಒಂದೊಂದು ಉಳಿಗೆ ಒಂದೊಂದು ಅಕ್ಷರ. ಅಂಗೈ ಅಗಲದ ಹಿತ್ತಾಳೆಯ ತಗಡು ಕತ್ತರಿಸಿ, ಅಂಚು ಅರ ಹಾಕಿ ನುಣುಪು ಮಾಡಿ, ಕಲ್ಲಿನ ಮೇಲಿಟ್ಟ. ನಾನು ಎದುರಿಗಿನ ಮುಕ್ಕಾಲಿಯ ಮೇಲೆ ಕೂತೆ. ಹದಿಮೂರು ದಿನದಿಂದ ಅವನ ಬಾಯಲ್ಲಿ ಅವಳ ಹೆಸರು ಬಂದಿರಲಿಲ್ಲ. ಈಗ ಒಂದೊಂದೇ ಅಕ್ಷರದ ಉಳಿ ಹುಡುಕಿ ತೆಗೆದು, ನೆಟ್ಟಗೆ ಹಿಡಿದು, ಸುತ್ತಿಗೆಯಲ್ಲಿ ಒಂದೊಂದು ಪೆಟ್ಟು. ಎರಡನೆಯ ಪೆಟ್ಟು ಹಾಕಿದರೆ ಅಕ್ಷರ ಕದಲುತ್ತದೆ, ಆದ್ದರಿಂದ ಒಂದೇ ಪೆಟ್ಟಿಗೆ ಕೂರಬೇಕು. ನಡುವೆ ಒಂದು ಸಲ ಉಳಿ ಕೆಳಗಿಟ್ಟು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಹೆಸರು ಮುಗಿಯಿತು. ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು.

"ಇಲ್ಲಿ ನನ್ನ ಹೆಸರು ಹಾಕಿ, ಇಂಥವನ ಹೆಂಡತಿ ಅಂತ ಹಾಕ್ತೀನಿ," ಎಂದ. "ಜಾಗ ಇದೆ."

"ಬೇಡ," ಎಂದೆ. "ಅವಳ ಹೆಸರು ಸಾಕು."

ಅವನು ಸುತ್ತಿಗೆ ಹಿಡಿದೇ ನನ್ನನ್ನು ನೋಡಿದ. ಉಳಿಗಳನ್ನು ಒಂದೊಂದಾಗಿ ಅವುಗಳ ಗೂಡಿಗೆ ಸೇರಿಸಿದ. ತಂತಿ ಪೋಣಿಸಲು ತಗಡಿನ ಮೇಲಂಚಿನಲ್ಲಿ ಎರಡು ತೂತು ಕೊರೆದ, ಹಿತ್ತಾಳೆಯ ಪುಡಿಯನ್ನು ಊದಿ, ತಗಡನ್ನು ನನ್ನ ಕೈಗೆ ಕೊಟ್ಟ.